ಡೈಮಂಡ್ ಕಟ್ ಸ್ಕೋರ್ ಅರ್ಥ ಮಾಡ್ಕೊಂಡು ಕಲ್ಲು ಆರಿಸೋದು ಹೇಗೆ: ಸಮಗ್ರ ಮಾರ್ಗದರ್ಶಿ

ಡೈಮಂಡ್ ಅಂಗಡಿಗೆ ಹೋದ ಕೂಡ್ಲೇ ಕೇಳೋದು ಎಷ್ಟು ಸೆಂಟ್ (ಕ್ಯಾರೆಟ್‌ನ ನೂರನೇ ಭಾಗ) ಬೇಕು, ಯಾವ ಕಲರ್ ಬೇಕು, ವಿವಿಎಸ್ ಕೊಡ್ಲಾ ವಿಎಸ್ ಕೊಡ್ಲಾ ಅಂತ, ಈ ಕೊನೇವು ಕ್ಲಾರಿಟಿ, ಅಂದ್ರೆ ಕಲ್ಲಿನೊಳಗೆ ಕಲೆ ಎಷ್ಟು ಕಮ್ಮಿ ಅನ್ನೋ ಗ್ರೇಡ್‌ಗಳು. ಕಟ್, ಅಂದ್ರೆ ಕಲ್ಲನ್ನ ಎಷ್ಟು ಸರಿಯಾಗಿ ಸಾಣೆ ಹಿಡಿದಿದ್ದಾರೆ ಅನ್ನೋ ವಿಷಯ ಬಂದಾಗ ಮಾತ್ರ "ಇದು ಟ್ರಿಪಲ್ ಎಕ್ಸಲೆಂಟ್ ಮೇಡಂ, ಯೋಚನೆನೇ ಮಾಡ್ಬೇಡಿ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ಆದ್ರೆ ಕೈಗೆ ಹಾಕ್ಕೊಂಡ ಮೇಲೆ ಕಲ್ಲು ಜೀವಂತವಾಗಿ ಮಿನುಗತ್ತಾ ಇಲ್ವಾ ಅನ್ನೋದು ಕಲರ್‌ಗಿಂತ, ಕ್ಲಾರಿಟಿಗಿಂತ ಹೆಚ್ಚಾಗಿ ಕಟ್ ಮೇಲೇ ನಿಂತಿರೋದು. ಡಿ ಕಲರ್ (ಬಣ್ಣವೇ ಇಲ್ಲದ, ಎಲ್ಲಕ್ಕಿಂತ ಮೇಲಿನ ಗ್ರೇಡ್) ವಿವಿಎಸ್ ಕಲ್ಲನ್ನೂ ಕೆಟ್ಟದಾಗಿ ಸಾಣೆ ಹಿಡಿದ್ರೆ ಗಾಜಿನ ಚೂರಿನ ತರ ಸಪ್ಪೆ ಕಾಣತ್ತೆ, ಅದಕ್ಕಿಂತ ಕೆಳಗಿನ ಗ್ರೇಡ್‌ನ ಜಿ ಕಲರ್ ವಿಎಸ್2 ಕಲ್ಲು ಒಳ್ಳೆ ಕಟ್ ಆಗಿದ್ರೆ ರೂಮಿನ ಆ ತುದಿಯಿಂದ್ಲೇ ಕಣ್ಣಿಗೆ ಬೀಳತ್ತೆ.

ಇಲ್ಲಿ ಬರೀತಿರೋದು ರೌಂಡ್ ಬ್ರಿಲಿಯಂಟ್ ಬಗ್ಗೆ, ಅಂದ್ರೆ ದುಂಡಗೆ 57 ಅಥವಾ 58 ಮುಖಗಳಿರೋ ಮಾಮೂಲಿ ಡೈಮಂಡ್. ಬೇರೆ ಶೇಪ್‌ಗಳ ಬಗ್ಗೆ ಕೊನೆ ಕಡೆ ಸ್ವಲ್ಪ ಹೇಳ್ತೀನಿ, ಅದಕ್ಕೆ ಈ ಸ್ಕೋರ್‌ಗಳು ನಡಿಯಲ್ಲ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿದೆ: ಕಟ್ ಸ್ಕೋರ್ (ಕಲ್ಲಿನ ಅಳತೆಗಳಿಂದ ಕಟ್‌ಗೆ ಕೊಡೋ ಅಂಕ) ಇರೋದು ಕೆಟ್ಟ ಕಲ್ಲನ್ನ ಬಿಡೋಕೆ, ಒಳ್ಳೆ ಕಲ್ಲನ್ನ ಕೊಳ್ಳೋಕಲ್ಲ. ನಂಬರ್ ನೋಡಿ ನೂರರಲ್ಲಿ ತೊಂಬತ್ತನ್ನ ಪಕ್ಕಕ್ಕಿಡಬಹುದು, ಉಳಿದ ಹತ್ತರಲ್ಲಿ ಯಾವ್ದು ಅನ್ನೋದನ್ನ ಫೋಟೋ ನೋಡಿ, ಕಣ್ಣಲ್ಲಿ ನೋಡಿನೇ ಆರಿಸ್ಬೇಕು.

ಮೊದಲು ಕಲ್ಲಿನೊಳಗೆ ಬೆಳಕು ಏನ್ಮಾಡತ್ತೆ ಅಂತ ತಿಳ್ಕೊಳಿ

ಕಲ್ಲಿನ ಮೇಲ್ಗಡೆ ಚಪ್ಪಟೆಯಾಗಿರೋ ದೊಡ್ಡ ಮುಖ ಇದ್ಯಲ್ಲ, ಅದು ಟೇಬಲ್. ಟೇಬಲ್ ಸುತ್ತ ಇಳಿಜಾರಾಗಿರೋ ಭಾಗ ಕ್ರೌನ್. ಸೊಂಟದ ತರ ಸುತ್ತುವರಿದಿರೋ ಅಂಚು ಗರ್ಡಲ್. ಅದರ ಕೆಳಗೆ ಚೂಪಾಗಿ ಹೋಗೋ ಭಾಗ ಪೆವಿಲಿಯನ್, ಅದರ ತುದಿ ಕ್ಯೂಲೆಟ್. ಬೆಳಕು ಮೇಲಿಂದ ಒಳಗೆ ಹೋಗಿ, ಪೆವಿಲಿಯನ್‌ನ ಒಂದು ಗೋಡೆಗೆ ಬಡಿದು, ಎದುರು ಗೋಡೆಗೆ ಹಾರಿ, ಅಲ್ಲಿಂದ ಮತ್ತೆ ಮೇಲಕ್ಕೆ ನಮ್ಮ ಕಣ್ಣಿಗೆ ಬರ್ಬೇಕು, ಆಗ ಕಲ್ಲು ಹೊಳೀತಿದೆ ಅಂತೀವಿ.

ಡೈಮಂಡ್‌ನ ವಕ್ರೀಭವನ ಸೂಚ್ಯಂಕ ಸುಮಾರು 2.42. ಅದರಿಂದ ಕ್ರಿಟಿಕಲ್ ಆಂಗಲ್ ಸುಮಾರು 24.4 ಡಿಗ್ರಿ ಬರತ್ತೆ. ಅಂದ್ರೆ ಒಳಗಿನ ಗೋಡೆಗೆ ಲಂಬವಾಗಿ ಒಂದು ಗೆರೆ ಎಳೆದ್ರೆ, ಬೆಳಕು ಆ ಗೆರೆಯಿಂದ 24.4 ಡಿಗ್ರಿಗಿಂತ ಜಾಸ್ತಿ ಓರೆಯಾಗಿ ಬಡಿದ್ರೆ ಪೂರ್ತಿ ವಾಪಸ್ ಬರತ್ತೆ, ಕಮ್ಮಿ ಆದ್ರೆ ಗೋಡೆ ದಾಟಿ ಹಿಂದಿನಿಂದ ಸೋರಿ ಹೋಗತ್ತೆ. ಪೆವಿಲಿಯನ್ ತೀರಾ ಆಳ ಆದ್ರೆ ಬೆಳಕು ಎರಡನೇ ಗೋಡೆಗೆ ಬಡಿಯುವಾಗ ಈ ಗಡಿಯೊಳಗೆ ಬಿದ್ದು ಸೋರತ್ತೆ, ಕಲ್ಲಿನ ನಡುಭಾಗ ಕಪ್ಪಾಗಿ ಮೊಳೆ ತಲೆ ತರ ಕಾಣತ್ತೆ. ತೀರಾ ತೆಳು ಆದ್ರೆ ಟೇಬಲ್ ಒಳಗೆ ಗರ್ಡಲ್‌ನ ಬಿಳಿ ಉಂಗುರ ಪ್ರತಿಬಿಂಬವಾಗಿ ಕಾಣತ್ತೆ, ಅದಕ್ಕೆ ಫಿಶ್ ಐ ಅಂತಾರೆ. ಇವೆರಡೂ ಅತಿರೇಕದ ಕೇಸು. ನಮಗೆ ತೊಂದ್ರೆ ಕೊಡೋದು ಇವೆರಡರ ಮಧ್ಯ ಇರೋ, ಸರ್ಟಿಫಿಕೇಟ್‌ನಲ್ಲಿ ಚೆನ್ನಾಗೇ ಕಾಣೋ ಕಲ್ಲುಗಳು.

1919ರಲ್ಲಿ ಆಂಟ್‌ವರ್ಪ್‌ನ ಡೈಮಂಡ್ ಕಟಿಂಗ್ ಮನೆತನದ ಮಾರ್ಸೆಲ್ ಟೋಲ್ಕೋವ್ಸ್ಕಿ ಅನ್ನೋ ಯುವ ಇಂಜಿನಿಯರ್ ಈ ಬೆಳಕಿನ ದಾರಿನ ಗಣಿತದಲ್ಲಿ ಲೆಕ್ಕ ಹಾಕಿ ಪ್ರಕಟ ಮಾಡಿದ್ರು. ಟೇಬಲ್ ಕಲ್ಲಿನ ಅಗಲದ 53%, ಕ್ರೌನ್ ಆಂಗಲ್ (ಕ್ರೌನ್‌ನ ಇಳಿಜಾರು) 34.5 ಡಿಗ್ರಿ, ಪೆವಿಲಿಯನ್ ಆಂಗಲ್ 40.75 ಡಿಗ್ರಿ. ನೂರು ವರ್ಷ ಆದ್ರೂ ಎರಡು ಆಂಗಲ್‌ಗಳು ಹೆಚ್ಚುಕಮ್ಮಿ ಅಲ್ಲೇ ನಿಂತಿವೆ, ಟೇಬಲ್ ಮಾತ್ರ ಸ್ವಲ್ಪ ದೊಡ್ಡದಾಗಿದೆ, ಈಗ 54 ರಿಂದ 58 ಮಾಮೂಲಿ.

ಸರ್ಟಿಫಿಕೇಟ್ ಕೈಗೆ ತಗೊಂಡು ಈ ನಂಬರ್‌ಗಳನ್ನ ಬರ್ಕೊಳಿ

ಜಿಐಎ ಅನ್ನೋ ಅಮೆರಿಕದ ಡೈಮಂಡ್ ಲ್ಯಾಬ್‌ನ ರಿಪೋರ್ಟ್‌ನಲ್ಲಿ ಪ್ರೊಪೋರ್ಷನ್ಸ್ ಅಂತ ಒಂದು ಚಿತ್ರ ಇರತ್ತೆ, ಕಲ್ಲನ್ನ ಪಕ್ಕದಿಂದ ನೋಡ್ದಂಗೆ. ಅದರಲ್ಲಿ ನಾಲ್ಕು ನಂಬರ್ ಮುಖ್ಯ: ಒಟ್ಟು ಡೆಪ್ತ್ ಶೇಕಡಾ, ಟೇಬಲ್ ಶೇಕಡಾ, ಕ್ರೌನ್ ಆಂಗಲ್, ಪೆವಿಲಿಯನ್ ಆಂಗಲ್. ಕೆಲವು ಚಿಕ್ಕ ಸೈಜಿನ ರಿಪೋರ್ಟ್‌ಗಳಲ್ಲಿ ಈ ಚಿತ್ರನೇ ಇರಲ್ಲ, ಬರೀ ಗ್ರೇಡ್ ಇರತ್ತೆ, ಅಂಥದ್ದು ಕೊಟ್ರೆ ಈ ನಾಲ್ಕು ನಂಬರ್ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ, ಕೊಡದಿದ್ರೆ ಮುಂದಿನ ಕಲ್ಲು ನೋಡಿ.

ಇದಲ್ಲದೆ ಮಿಲಿಮೀಟರ್ ಅಳತೆ, ಗರ್ಡಲ್ ದಪ್ಪ, ಲೋವರ್ ಹಾಫ್ ಶೇಕಡಾ ಇವನ್ನೂ ಗುರುತು ಹಾಕ್ಕೊಳಿ. ಲೋವರ್ ಹಾಫ್ ಅಂದ್ರೆ ಗರ್ಡಲ್‌ನಿಂದ ಕೆಳಕ್ಕೆ ಇಳಿಯೋ ಪೆವಿಲಿಯನ್ ಮುಖಗಳ ಉದ್ದ, ಅದು 75 ರಿಂದ 80 ಇದ್ರೆ ಸರಿ, 85ರ ಕಡೆ ಹೋದ್ರೆ ಕಲ್ಲಿನೊಳಗಿನ ಬಾಣದ ಗೆರೆಗಳು ಸಣ್ಣಗಾಗಿ ಹೊಳಪು ಪುಡಿಪುಡಿಯಾಗಿ ಕಾಣತ್ತೆ, ಕೆಲವರಿಗೆ ಅದೇ ಇಷ್ಟ, ಅದು ರುಚಿಯ ವಿಷಯ.

ಈಗ ಒಂದು ಮುಖ್ಯವಾದ ವಿಷಯ, ಇದನ್ನ ಅಂಗಡಿಯಲ್ಲಿ ಯಾರೂ ಹೇಳಲ್ಲ. ಜಿಐಎ ರಿಪೋರ್ಟ್‌ನಲ್ಲಿ ಬರೋ ಆಂಗಲ್‌ಗಳು ಸರಾಸರಿ, ಮತ್ತೆ ರೌಂಡ್ ಮಾಡಿದ್ದು. ಕಲ್ಲಿನ ಎಂಟು ಕಡೆ ಅಳೆದು, ಸರಾಸರಿ ತೆಗೆದು, ಕ್ರೌನ್ ಆಂಗಲ್‌ನ ಹತ್ತಿರದ ಅರ್ಧ ಡಿಗ್ರಿಗೆ, ಪೆವಿಲಿಯನ್ ಆಂಗಲ್‌ನ ಹತ್ತಿರದ 0.2 ಡಿಗ್ರಿಗೆ, ಟೇಬಲ್‌ನ ಪೂರ್ಣಾಂಕಕ್ಕೆ ತಂದು ಬರೀತಾರೆ. ಹಂಗಾಗಿ ಪೇಪರ್ ಮೇಲೆ 34.5 ಅಂತಿದ್ರೆ ನಿಜವಾಗ್ಲೂ ಅದು 34.3 ಇರಬಹುದು, 34.7 ಇರಬಹುದು. 40.8 ಅಂತಿದ್ರೆ 40.7 ರಿಂದ 40.9ರ ಮಧ್ಯ ಎಲ್ಲಾದ್ರೂ ಇರಬಹುದು. ಬರೀ 0.1 ಡಿಗ್ರಿ ತಾನೇ ಅನ್ನಿಸ್ಬಹುದು, ಆದ್ರೆ ಗೋಡೆ ಎಷ್ಟು ವಾಲಿದ್ರೆ ವಾಪಸ್ ಬರೋ ಬೆಳಕು ಅದರ ಎರಡರಷ್ಟು ತಿರುಗತ್ತೆ, ಒಳಗೆ ಎರಡು ಗೋಡೆ ಇದೆ ಬೇರೆ. ಅದಕ್ಕೇ ಪೆವಿಲಿಯನ್ ಆಂಗಲ್ ವಿಷಯದಲ್ಲಿ ಸ್ವಲ್ಪ ಜಿಪುಣತನ ಬೇಕು. ಆಗೋದಾದ್ರೆ ಸರೀನ್ ರಿಪೋರ್ಟ್ ಕೇಳಿ, ಅದು ಮಷಿನ್ ಸ್ಕ್ಯಾನ್, ಅದರಲ್ಲಿ ಒಂದೊಂದು ಮುಖದ ಆಂಗಲ್ಲೂ ಬೇರೆಬೇರೆ ಸಿಗತ್ತೆ, ಎಂಟು ಕಡೆನೂ ಒಂದೇ ತರ ಇದ್ಯಾ ಅಥವಾ ಒಂದು ಕಡೆ 40.2, ಇನ್ನೊಂದು ಕಡೆ 41.4 ಇದ್ದು ಸರಾಸರಿಯಲ್ಲಿ ಮುಚ್ಚಿಹೋಗಿದ್ಯಾ ಅಂತ ಗೊತ್ತಾಗತ್ತೆ.

ಲ್ಯಾಬ್ ಗ್ರೇಡ್ ಎಷ್ಟು ನಂಬಬೇಕು

ಜಿಐಎ 2006ರಿಂದ ರೌಂಡ್ ಬ್ರಿಲಿಯಂಟ್‌ಗಳಿಗೆ ಕಟ್ ಗ್ರೇಡ್ ಕೊಡ್ತಿದೆ. ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್ ಅಂತ ಐದು ಮೆಟ್ಟಿಲು. ಬ್ರೈಟ್‌ನೆಸ್, ಫೈರ್, ಸಿಂಟಿಲೇಷನ್ ಈ ಮೂರು ಕಣ್ಣಿಗೆ ಕಾಣೋ ವಿಷಯ, ಅಂದ್ರೆ ಬಿಳಿ ಹೊಳಪು, ಬಣ್ಣದ ಕಿಡಿ, ಅಲ್ಲಾಡಿಸಿದಾಗಿನ ಮಿಣುಕು. ಜೊತೆಗೆ ತೂಕದ ಅನುಪಾತ, ಗಟ್ಟಿತನ, ಪಾಲಿಶ್, ಸಿಮೆಟ್ರಿ, ಒಟ್ಟು ಏಳು ಅಂಶ ಸೇರಿಸಿ ಗ್ರೇಡ್ ಮಾಡ್ತಾರೆ. ಜನರಿಗೆ ಕಲ್ಲು ತೋರಿಸಿ 70,000ಕ್ಕೂ ಹೆಚ್ಚು ಅಭಿಪ್ರಾಯ ಕಲೆಹಾಕಿ ಮಾಡಿದ ಪದ್ಧತಿ ಅದು, ಹಗುರವಾಗಿ ತಗೊಳೋ ಹಾಗಿಲ್ಲ.

ಆದ್ರೆ ಎಕ್ಸಲೆಂಟ್ ಅನ್ನೋ ಡಬ್ಬಿ ಬಹಳ ದೊಡ್ಡದು. ಕ್ರೌನ್ ಆಂಗಲ್ 31.5 ರಿಂದ 36.5ರವರೆಗೂ, ಪೆವಿಲಿಯನ್ 40.6 ರಿಂದ 41.8ರವರೆಗೂ, ಟೇಬಲ್ 52 ರಿಂದ 62ರವರೆಗೂ ಅದರಲ್ಲಿ ಜಾಗ ಇದೆ, ಎಲ್ಲಾ ಕಾಂಬಿನೇಷನ್ನೂ ಅಲ್ಲ, ಆದ್ರೂ ಬಹಳಷ್ಟು. ತೂಕ ಉಳಿಸ್ಬೇಕು ಅನ್ನೋ ಕಟರ್‌ಗೆ ಈ ಡಬ್ಬಿಯ ಆಳದ ಮೂಲೆ ತುಂಬಾ ಇಷ್ಟ, ಎಕ್ಸಲೆಂಟ್ ಹೆಸರೂ ಸಿಗತ್ತೆ, ಕ್ಯಾರೆಟ್ಟೂ ಉಳಿಯತ್ತೆ. ಟ್ರಿಪಲ್ ಎಕ್ಸಲೆಂಟ್ ಅಂದ್ರೆ ಕಟ್, ಪಾಲಿಶ್, ಸಿಮೆಟ್ರಿ ಮೂರೂ ಎಕ್ಸಲೆಂಟ್, ಅಷ್ಟೇ, ಅದು ಬೇಟೆ ಶುರು ಮಾಡೋ ಜಾಗ, ಮುಗಿಸೋ ಜಾಗ ಅಲ್ಲ.

ಎಜಿಎಸ್ ಅಂತ ಅಮೆರಿಕದ ಇನ್ನೊಂದು ಲ್ಯಾಬ್ ಇತ್ತು, ಅವ್ರದ್ದು 0 ರಿಂದ 10ರ ಅಳತೆ, 0 ಅಂದ್ರೆ ಐಡಿಯಲ್. 2005ರಿಂದ ಬೆಳಕಿನ ದಾರಿನ ಕಂಪ್ಯೂಟರ್‌ನಲ್ಲಿ ಹಿಡಿದು ಗ್ರೇಡ್ ಕೊಡ್ತಿದ್ರು, ಬಹಳ ಕಟ್ಟುನಿಟ್ಟು. 2022ರ ಕೊನೆಗೆ ಆ ಲ್ಯಾಬ್ ಮುಚ್ಚಿ, ಅವ್ರ ತಂತ್ರಜ್ಞಾನ ಜಿಐಎ ಕೈಗೆ ಹೋಯ್ತು, ಈಗ ಎಜಿಎಸ್ ಐಡಿಯಲ್ ಅನ್ನೋ ಹೆಚ್ಚುವರಿ ರಿಪೋರ್ಟ್ ಜಿಐಎ ಮೂಲಕನೇ ಸಿಗತ್ತೆ. ನಮ್ಮ ಕಡೆ ಅಂಗಡಿಗಳಲ್ಲಿ ಜಾಸ್ತಿ ಕಾಣೋದು ಐಜಿಐ ಅನ್ನೋ ಲ್ಯಾಬ್‌ನ ರಿಪೋರ್ಟ್. ಅವ್ರ ಸ್ಕೇಲ್‌ನಲ್ಲಿ ಎಕ್ಸಲೆಂಟ್‌ಗಿಂತ ಮೇಲೆ ಐಡಿಯಲ್ ಅಂತ ಒಂದು ಮೆಟ್ಟಿಲಿದೆ, ಅದನ್ನೂ ಎಜಿಎಸ್ ಐಡಿಯಲ್‌ನೂ ಒಂದೇ ಅಂತ ತಿಳ್ಕೋಬೇಡಿ, ಹೆಸರು ಒಂದೇ ಆದ್ರೂ ಅಳೆಯೋ ರೀತಿ ಬೇರೆ. ಯಾವ ಲ್ಯಾಬ್ ಆದ್ರೂ ಪರವಾಗಿಲ್ಲ, ಗ್ರೇಡ್‌ನ ಹೆಸರಿಗಿಂತ ಕೆಳಗಿನ ನಂಬರ್‌ಗಳನ್ನ ಓದಿ.

ಬಿಲ್ ಮೇಲೆ ಬಿಐಎಸ್ ಹಾಲ್‌ಮಾರ್ಕ್ ಇದೆ, ಎಚ್‌ಯುಐಡಿ (ಒಡವೆ ಮೇಲೆ ಕೆತ್ತೋ ಗುರುತಿನ ಸಂಖ್ಯೆ) ಇದೆ ಅಂತ ತೋರಿಸಿ ಧೈರ್ಯ ಹೇಳ್ತಾರೆ. ಅದು ಚಿನ್ನದ ಶುದ್ಧತೆಗೆ ಮಾತ್ರ. ಕಲ್ಲಿನ ಕಟ್‌ಗೂ ಅದಕ್ಕೂ ಸಂಬಂಧನೇ ಇಲ್ಲ.

ಎಚ್‌ಸಿಎ ಸ್ಕೋರ್ ಹಾಕಿ ನೋಡೋದು

ಎಚ್‌ಸಿಎ ಅಂದ್ರೆ ಹಾಲೋವೇ ಕಟ್ ಅಡ್ವೈಸರ್. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಜೆಮಾಲಜಿಸ್ಟ್ ಗ್ಯಾರಿ ಹಾಲೋವೇ ಮಾಡಿದ ಆನ್‌ಲೈನ್ ಕ್ಯಾಲ್ಕುಲೇಟರ್. ಮೇಲೆ ಬರ್ಕೊಂಡ ನಾಲ್ಕು ನಂಬರ್ ಹಾಕಿದ್ರೆ ಲೈಟ್ ರಿಟರ್ನ್, ಫೈರ್, ಸಿಂಟಿಲೇಷನ್, ಸ್ಪ್ರೆಡ್ ಈ ನಾಲ್ಕಕ್ಕೂ ಒಂದೊಂದು ಗ್ರೇಡ್ ಕೊಟ್ಟು ಕೊನೆಗೆ ಒಂದು ಒಟ್ಟು ಸ್ಕೋರ್ ಕೊಡತ್ತೆ. ಸ್ಪ್ರೆಡ್ ಅಂದ್ರೆ ಆ ತೂಕಕ್ಕೆ ಕಲ್ಲು ಮೇಲಿಂದ ಎಷ್ಟು ಅಗಲ ಕಾಣತ್ತೆ ಅನ್ನೋದು.

ಇಲ್ಲಿ ತುಂಬಾ ಜನ ಎಡವೋದು ಎಲ್ಲಿ ಅಂದ್ರೆ ಇದರಲ್ಲಿ ಸ್ಕೋರ್ ಕಮ್ಮಿ ಇದ್ದಷ್ಟೂ ಒಳ್ಳೇದು. 0 ರಿಂದ 2 ಎಕ್ಸಲೆಂಟ್, 2 ರಿಂದ 4 ವೆರಿ ಗುಡ್, 4 ರಿಂದ 6 ಗುಡ್, 6 ರಿಂದ 8 ಫೇರ್, 8ರ ಮೇಲೆ ಪೂರ್. 2ರ ಒಳಗೆ ಬಂದ್ರೆ ಕಲ್ಲನ್ನ ಮುಂದಿನ ಪರೀಕ್ಷೆಗೆ ಇಟ್ಕೊಳಿ, 2 ದಾಟಿದ್ರೆ ಬೇರೆ ಕಲ್ಲು ನೋಡಿ ಅನ್ನೋದು ಒಳ್ಳೆ ನಿಯಮ. 2.1, 2.3 ಬಂದು ಉಳಿದಿದ್ದೆಲ್ಲ ಮನಸ್ಸಿಗೆ ಹಿಡಿಸಿದ್ರೆ ರೌಂಡಿಂಗ್ ನೆನಪಿಡಿ, ಸರೀನ್ ನಂಬರ್ ಹಾಕಿ ಇನ್ನೊಂದ್ಸಲ ನೋಡಿ, ಅದು ಒಳಗೂ ಬರಬಹುದು ಹೊರಗೂ ಹೋಗಬಹುದು.

ಎರಡನೇ ಎಡವಟ್ಟು ಇನ್ನೂ ದೊಡ್ಡದು. 0.7 ಬಂದ ಕಲ್ಲು 1.6 ಬಂದ ಕಲ್ಲಿಗಿಂತ ಚೆನ್ನಾಗಿದೆ ಅಂತ ಲೆಕ್ಕ ಹಾಕೋದು. ಹಂಗಲ್ಲ. 2ರ ಒಳಗೆ ಬಂದವೆಲ್ಲ ಪಾಸ್, ಅಷ್ಟೇ, ಒಳಗೆ ರ‍್ಯಾಂಕ್ ಇಲ್ಲ. 1ಕ್ಕಿಂತ ಕಮ್ಮಿ ಬರೋ ಕಲ್ಲುಗಳಲ್ಲಿ ಸುಮಾರು ಸ್ವಲ್ಪ ತೆಳು ಕಲ್ಲುಗಳಿರ್ತವೆ, ಅವು ಅಗಲ ಕಾಣ್ತವೆ, ಸ್ಪ್ರೆಡ್‌ಗೆ ಒಳ್ಳೆ ಮಾರ್ಕ್ ಬರತ್ತೆ, ಆದ್ರೆ ಉಂಗುರ ಹಾಕ್ಕೊಂಡು ಕೈನ ಮುಖದ ಹತ್ತಿರ ತಂದು ನೋಡ್ದಾಗ ನಮ್ಮ ತಲೆದೇ ನೆರಳು ಕಲ್ಲೊಳಗೆ ಕಪ್ಪಾಗಿ ಕಾಣೋ ಸಾಧ್ಯತೆ ಅವುಗಳಲ್ಲಿ ಜಾಸ್ತಿ. ಟೋಲ್ಕೋವ್ಸ್ಕಿ ಅಳತೆ ಹತ್ತಿರದ ಕ್ಲಾಸಿಕ್ ಕಲ್ಲುಗಳು 1 ರಿಂದ 2ರ ಮಧ್ಯ ಬಂದ್ರೆ ಬೇಜಾರಾಗೋ ಕಾರಣನೇ ಇಲ್ಲ.

ಇನ್ನೊಂದು, ಈ ಟೂಲ್‌ಗೆ ಸಿಗೋದು ನಾಲ್ಕೇ ಸರಾಸರಿ ನಂಬರ್, ಅದು ಕಲ್ಲನ್ನ ನೋಡಿಲ್ಲ. ಮುಖಗಳು ಸರಿಯಾಗಿ ಎದುರುಬದುರು ಕೂತಿವ್ಯಾ, ಒಳಗೆ ಮೋಡದಂಥ ಮಸುಕು ಕಲೆ ಇದ್ಯಾ, ಲೋವರ್ ಹಾಫ್ ಎಷ್ಟಿದೆ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಹಂಗಾಗೇ ಅದನ್ನ ಮಾಡಿದವ್ರೂ ಇದು ಕಲ್ಲನ್ನ ತಳ್ಳಿಹಾಕೋ ಸಾಧನ ಅಂತಾನೇ ಹೇಳ್ತಾ ಬಂದಿರೋದು.

ಎರಡು ಕಲ್ಲು ಇಟ್ಕೊಂಡು ಲೆಕ್ಕ ಮಾಡಿ ನೋಡೋಣ

ಎರಡೂ ಜಿಐಎ ಟ್ರಿಪಲ್ ಎಕ್ಸಲೆಂಟ್ ಅಂತ ಇಟ್ಕೊಳಿ. ಮೊದಲನೇ ಕಲ್ಲು: ಡೆಪ್ತ್ 61.5, ಟೇಬಲ್ 57, ಕ್ರೌನ್ 34.5, ಪೆವಿಲಿಯನ್ 40.8. ಎರಡನೇದು: ಡೆಪ್ತ್ 62.5, ಟೇಬಲ್ 58, ಕ್ರೌನ್ 35.5, ಪೆವಿಲಿಯನ್ 41.2. ಪೇಪರ್ ಮೇಲೆ ನೋಡಿದ್ರೆ ಏನ್ ಮಹಾ ವ್ಯತ್ಯಾಸ ಅನ್ನಿಸತ್ತೆ, ಗ್ರೇಡ್ ಅಂತೂ ಒಂದೇ.

ಎಚ್‌ಸಿಎಗೆ ಹಾಕಿದ್ರೆ ಮೊದಲನೇದು 2ರ ಒಳಗೆ ಆರಾಮಾಗಿ ಬರತ್ತೆ, ಎರಡನೇದು 2ರ ಗಡಿ ದಾಟಿ ಸಾಕಷ್ಟು ಮುಂದೆ ಹೋಗತ್ತೆ. ಯಾಕಂದ್ರೆ ಕ್ರೌನ್ ಮತ್ತೆ ಪೆವಿಲಿಯನ್ ಒಂದಕ್ಕೊಂದು ಸರಿದೂಗಿಸ್ಬೇಕು, ಕ್ರೌನ್ ಕಡಿದಾದ್ರೆ ಪೆವಿಲಿಯನ್ ಸ್ವಲ್ಪ ತೆಳುವಾಗ್ಬೇಕು. ಹೆಚ್ಚುಕಮ್ಮಿ ಕ್ರೌನ್ 1 ಡಿಗ್ರಿ ಏರಿದ್ರೆ ಪೆವಿಲಿಯನ್ 0.2 ಡಿಗ್ರಿ ಇಳೀಬೇಕು. 34ಕ್ಕೆ 40.9, 34.5ಕ್ಕೆ 40.8, 35ಕ್ಕೆ 40.7 ಈ ತರ. ಎರಡನೇ ಕಲ್ಲಲ್ಲಿ ಎರಡೂ ಒಟ್ಟಿಗೆ ಏರಿವೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಸ್ಟೀಪ್ ಡೀಪ್ ಅಂತಾರೆ, ಟೇಬಲ್ ಅಂಚಿನ ಕೆಳಗೆ ಉಂಗುರದ ಆಕಾರದಲ್ಲಿ ಬೆಳಕು ಸೋರತ್ತೆ, ಕಲ್ಲು ಕೊಳೆಯಾದಾಗ ಅದೇ ಜಾಗ ಮೊದಲು ಮಂಕಾಗೋದು.

ನಂಬರ್‌ಗಳು ಒಂದಕ್ಕೊಂದು ತಾಳೆ ಆಗ್ತವಾ ಅಂತ ನೀವೇ ಚೆಕ್ ಮಾಡಬಹುದು. 100ರಿಂದ ಟೇಬಲ್ ಕಳೆದು ಅರ್ಧ ಮಾಡಿ ಕ್ರೌನ್ ಆಂಗಲ್‌ನ ಟ್ಯಾನ್‌ನಿಂದ ಗುಣಿಸಿದ್ರೆ ಕ್ರೌನ್ ಎತ್ತರ, 50ನ್ನ ಪೆವಿಲಿಯನ್ ಆಂಗಲ್‌ನ ಟ್ಯಾನ್‌ನಿಂದ ಗುಣಿಸಿದ್ರೆ ಪೆವಿಲಿಯನ್ ಆಳ. ಮೊದಲನೇ ಕಲ್ಲಿಗೆ 21.5 ಗುಣಿಸು 0.687, ಅಂದ್ರೆ 14.8. ಪೆವಿಲಿಯನ್ ಸುಮಾರು 43.2. ಗರ್ಡಲ್ 3.5 ಸೇರಿಸಿದ್ರೆ 61.5, ಸರಿಹೋಯ್ತು. ಮೊಬೈಲ್ ಕ್ಯಾಲ್ಕುಲೇಟರ್ ಸಾಕು ಇದಕ್ಕೆ. ಕೂಡಿಸಿದ ಮೊತ್ತ ರಿಪೋರ್ಟ್‌ನ ಡೆಪ್ತ್‌ಗಿಂತ ಒಂದು ಪರ್ಸೆಂಟ್ ಆಚೀಚೆ ಹೋದ್ರೆ ರೌಂಡಿಂಗ್ ಏನೋ ಮುಚ್ಚಿಡ್ತಿದೆ ಅಂತ ಅರ್ಥ, ಸರೀನ್ ಕೇಳೋಕೆ ಅದೇ ಕಾರಣ.

ಸಮಯ ಇಲ್ಲದವ್ರಿಗೆ ಒಂದು ಸುರಕ್ಷಿತ ಕಿಟಕಿ ಕೊಡ್ತೀನಿ: ಟೇಬಲ್ 54 ರಿಂದ 58, ಡೆಪ್ತ್ 60 ರಿಂದ 62.4, ಕ್ರೌನ್ 34 ರಿಂದ 35, ಪೆವಿಲಿಯನ್ 40.6 ರಿಂದ 40.9, ಗರ್ಡಲ್ ಥಿನ್‌ನಿಂದ ಸ್ಲೈಟ್ಲಿ ಥಿಕ್‌ವರೆಗೆ. ಇದರ ಹೊರಗೆ ಒಳ್ಳೆ ಕಲ್ಲುಗಳು ಇಲ್ಲ ಅಂತಲ್ಲ, ಇವೆ, ಆದ್ರೆ ಅವನ್ನ ಗುರುತಿಸೋಕೆ ಅನುಭವ ಬೇಕು.

ತೂಕದ ಮೋಸ

ಒಂದು ಕ್ಯಾರೆಟ್ ಅಂದ್ರೆ 0.2 ಗ್ರಾಂ, ನೂರು ಸೆಂಟ್. ಅದು ತೂಕ, ಅಗಲ ಅಲ್ಲ. ಒಳ್ಳೆ ಕಟ್‌ನ ಒಂದು ಕ್ಯಾರೆಟ್ ರೌಂಡ್ ಸುಮಾರು 6.4 ರಿಂದ 6.5 ಮಿಲಿಮೀಟರ್ ಇರ್ಬೇಕು. ರೌಂಡ್ ಕಲ್ಲಿನ ತೂಕ ಅಂದಾಜು ಮಾಡೋಕೆ ಹಳೇ ಸೂತ್ರ ಒಂದಿದೆ, ವ್ಯಾಸ ಗುಣಿಸು ವ್ಯಾಸ ಗುಣಿಸು ಆಳ ಗುಣಿಸು 0.0061. 6.3 ಮಿಲಿಮೀಟರ್ ಅಗಲ, 61.5% ಆಳ ಇರೋ ಕಲ್ಲಿಗೆ ಇದನ್ನ ಹಾಕಿದ್ರೆ 0.94 ಕ್ಯಾರೆಟ್ ಹತ್ತಿರ ಬರತ್ತೆ. ಈಗ ಅಂಗಡಿಯಲ್ಲಿ 1.00 ಕ್ಯಾರೆಟ್ ಕಲ್ಲು ತೋರಿಸಿ ಅಳತೆ 6.3 ಅಂತಿದ್ರೆ, ಆ ಮಿಕ್ಕ ಆರು ಸೆಂಟ್ ಎಲ್ಲಿದೆ? ಹೊಟ್ಟೆಯಲ್ಲಿ, ಗರ್ಡಲ್ ದಪ್ಪದಲ್ಲಿ ಅಡಗಿದೆ, ಕಣ್ಣಿಗೆ ಕಾಣಲ್ಲ, ಬೆಳಕನ್ನೂ ಕೆಡಿಸತ್ತೆ, ಆದ್ರೆ ಬಿಲ್‌ನಲ್ಲಿ ಅದಕ್ಕೂ ದುಡ್ಡು. ಅದೂ ಅಲ್ದೆ 0.50, 0.70, 1.00 ಈ ಗಡಿ ದಾಟಿದ ಕೂಡ್ಲೇ ಪೂರ್ತಿ ಕಲ್ಲಿನ ಪ್ರತಿ ಕ್ಯಾರೆಟ್ ರೇಟೇ ಮೇಲೆ ಹಾರತ್ತೆ. ಕಟರ್‌ಗಳು ಕಷ್ಟಪಟ್ಟು 1.00 ಮುಟ್ಟಿಸೋದು ಇದಕ್ಕೇ. ಜಗತ್ತಿನ ಬಹುಪಾಲು ಡೈಮಂಡ್‌ಗಳಿಗೆ ಸಾಣೆ ಬೀಳೋದು ನಮ್ಮ ಸೂರತ್‌ನಲ್ಲಿ, ಅಲ್ಲಿನ ಕುಶಲಕರ್ಮಿಗಳಿಗೆ ಅದ್ಭುತವಾಗಿ ಕಟ್ ಮಾಡೋಕೆ ಬರತ್ತೆ, ಆದ್ರೆ ಕೊಳ್ಳೋರು ತೂಕ ಮಾತ್ರ ಕೇಳ್ತಾ ಹೋದ್ರೆ ತೂಕಕ್ಕೇ ಕಟ್ ಮಾಡ್ತಾರೆ, ತಪ್ಪು ಅವ್ರದ್ದಲ್ಲ.

ನಾನಾದ್ರೆ 1.00 ಬದಲು 0.92, 0.95ರ ಒಳ್ಳೆ ಕಟ್ ಕಲ್ಲು ಹುಡುಕ್ತೀನಿ. ಅಗಲ ಹೆಚ್ಚುಕಮ್ಮಿ ಅದೇ, ಹೊಳಪು ಜಾಸ್ತಿ, ದುಡ್ಡು ಕಮ್ಮಿ.

ಫೋಟೋ ಪರೀಕ್ಷೆ

ಸ್ಕೋರ್ ಪಾಸ್ ಆದ ಕಲ್ಲುಗಳಿಗೆ ಮಾತ್ರ ಇದು. ಐಡಿಯಲ್ ಸ್ಕೋಪ್ ಅಂತ ಒಂದು ಚಿಕ್ಕ ಕೊಳವೆ ಇದೆ, ಒಳಗೆ ಕೆಂಪು ಬಣ್ಣ. ಅದರ ಮೂಲಕ ನೋಡ್ದಾಗ ಕಲ್ಲು ವಾಪಸ್ ಕಳಿಸೋ ಬೆಳಕೆಲ್ಲ ಕೆಂಪಾಗಿ, ಸೋರೋ ಜಾಗ ಬೆಳ್ಳಗೆ, ನೋಡೋರ ತಲೆಯ ನೆರಳು ಕಪ್ಪಗೆ ಕಾಣತ್ತೆ. ಬೇಕಾಗಿರೋದು ಗಾಢ ಕೆಂಪು ತುಂಬಿ ಮಧ್ಯ ಎಂಟು ಕಪ್ಪು ಬಾಣ. ಅಂಚಿನಲ್ಲಿ ಸಣ್ಣಸಣ್ಣ ಬಿಳಿ ತ್ರಿಕೋನ ಇದ್ರೆ ಪರವಾಗಿಲ್ಲ, ಟೇಬಲ್ ಒಳಗೆ ತಿಳಿ ಗುಲಾಬಿ ಅಥವಾ ಬಿಳಿ ಉಂಗುರ ಕಂಡ್ರೆ ಅದೇ ಆಗ ಹೇಳಿದ ಸ್ಟೀಪ್ ಡೀಪ್ ಸೋರಿಕೆ.

ಏಸೆಟ್ ಅನ್ನೋದು ಇದರ ಮುಂದಿನ ಹಂತ, ಬೆಳಕು ಯಾವ ಕೋನದಿಂದ ಬರ್ತಿದೆ ಅಂತ ಬಣ್ಣದಲ್ಲಿ ತೋರಿಸೋ ಸಾಧನ. ಅದರಲ್ಲಿ ಕೆಂಪು ಅಂದ್ರೆ ಎತ್ತರದ ಕೋನದಿಂದ ಬರೋ ಪ್ರಖರ ಬೆಳಕು, 45 ರಿಂದ 75 ಡಿಗ್ರಿ. ಹಸಿರು ಅಂದ್ರೆ ಪಕ್ಕಗಳಿಂದ, 45ರ ಕೆಳಗಿಂದ ಬರೋ ಮಂದ ಬೆಳಕು. ನೀಲಿ ಅಂದ್ರೆ ನೋಡೋರ ತಲೆ ಇರೋ ಜಾಗ, 75 ರಿಂದ 90. ಕೆಂಪು ಹೆಚ್ಚಿರ್ಬೇಕು, ನೀಲಿ ಬಾಣದ ಆಕಾರದಲ್ಲಿ ಅಚ್ಚುಕಟ್ಟಾಗಿರ್ಬೇಕು, ಹಸಿರು ಅಲ್ಲಲ್ಲಿ ಹರಡಿರ್ಬೇಕು. ನೀಲಿ ಪೂರ್ತಿ ಇಲ್ದಿದ್ರೂ ಚೆನ್ನಾಗಿರಲ್ಲ, ಕಪ್ಪು ಬಿಳುಪಿನ ವ್ಯತ್ಯಾಸ ಇಲ್ದೆ ಮಿಣುಕು ಹುಟ್ಟಲ್ಲ.

ಹಾರ್ಟ್ಸ್ ಅಂಡ್ ಆರೋಸ್ ಅಂತ ಮಾರೋ ಕಲ್ಲುಗಳು ಮೇಲಿಂದ ಎಂಟು ಬಾಣ, ಕೆಳಗಿಂದ ಎಂಟು ಹೃದಯ ತೋರಿಸ್ತವೆ, ಅದು ಸಿಮೆಟ್ರಿಗೆ ಗುರುತು. ಬಾಣ ಮಾತ್ರ ತೋರಿಸಿ ಆ ಹೆಸರಲ್ಲಿ ಮಾರಿದ್ರೆ ಒಪ್ಕೋಬೇಡಿ, ಕಷ್ಟ ಇರೋದು ಹೃದಯಗಳು ಸರಿಯಾಗಿ ಬರೋದ್ರಲ್ಲಿ. ಈ ಫೋಟೋಗಳನ್ನ ಕೊಡೋ ಅಂಗಡಿಗಳು ನಮ್ಮೂರುಗಳಲ್ಲಿ ಕಮ್ಮಿ, ಐಡಿಯಲ್ ಸ್ಕೋಪ್ ಆನ್‌ಲೈನ್‌ನಲ್ಲಿ ತರಿಸ್ಕೊಂಡು ಜೊತೆಗೇ ಇಟ್ಕೊಂಡು ಹೋದ್ರೆ ಸಾಕು. ಲಕ್ಷಗಟ್ಟಲೆ ಕೊಡೋರು ಇದನ್ನ ತಗೊಂಡು ಹೋಗೋಕೆ ಸಂಕೋಚ ಪಡ್ಬೇಕಾಗಿಲ್ಲ.

ಅಂಗಡಿಯ ಲೈಟ್‌ನಿಂದ ಆಚೆ ಬನ್ನಿ

ಕಮರ್ಷಿಯಲ್ ಸ್ಟ್ರೀಟ್ ಆಗ್ಲಿ ಜಯನಗರ ಆಗ್ಲಿ, ಯಾವ ಅಂಗಡಿಯಲ್ಲಾದ್ರೂ ಚಾವಣಿ ತುಂಬಾ ಚಿಕ್ಕಚಿಕ್ಕ ಸ್ಪಾಟ್ ಲೈಟ್ ಇರ್ತವೆ, ಆ ಬೆಳಕಲ್ಲಿ ಕೆಟ್ಟ ಕಲ್ಲೂ ಕಿಡಿ ಕಾರತ್ತೆ. ಮೂರು ಬೆಳಕಲ್ಲಿ ನೋಡಿ. ಮೊದಲು ಸ್ಪಾಟ್ ಲೈಟ್ ಕೆಳಗೆ, ಇಲ್ಲಿ ಬಣ್ಣದ ಕಿಡಿ ನೋಡ್ಬೇಕು. ಆಮೇಲೆ ಟ್ಯೂಬ್ ಲೈಟ್ ಅಥವಾ ಕಿಟಕಿ ಹತ್ತಿರ, ಇಲ್ಲಿ ಬಿಳಿ ಹೊಳಪು ಅಂಚಿನಿಂದ ಅಂಚಿಗೆ ತುಂಬಿದ್ಯಾ ನೋಡಿ. ಕೊನೆಗೆ ಕೈಯಿಂದ ನೆರಳು ಮಾಡಿ, ಅಥವಾ ಮೇಜಿನ ಕೆಳಗೆ ಹಿಡಿದು ನೋಡಿ, ಮಂದ ಬೆಳಕಲ್ಲೂ ಕಲ್ಲು ಸತ್ತೋಗ್ದೆ ಇದ್ರೆ ಅದು ಒಳ್ಳೆ ಕಟ್. ದಿನದ ಬಹುಪಾಲು ನಾವಿರೋದು ಆ ತರದ ಬೆಳಕಲ್ಲೇ ತಾನೇ, ಆಫೀಸು, ಮನೆ, ಮೋಡ ಕವಿದ ಹೊತ್ತು.

ಸ್ಕೋರ್ ಚೆನ್ನಾಗಿರೋ ಕಲ್ಲನ್ನೂ ಸ್ಕೋರ್ ಕೆಟ್ಟಿರೋ ಕಲ್ಲನ್ನೂ ಒಂದೇ ಸೈಜಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿ ಅಂತ ಕೇಳಿ. ಒಂದೇ ಕಲ್ಲು ನೋಡಿದ್ರೆ ಎಲ್ಲಾ ಚೆನ್ನಾಗೇ ಕಾಣತ್ತೆ, ಕಣ್ಣಿಗೆ ಹೋಲಿಕೆ ಬೇಕು. ನೋಡೋಕೆ ಮುಂಚೆ ಒರೆಸಿಸಿ. ಹಿಂದೆಮುಂದೆ ಮೆಲ್ಲಗೆ ವಾಲಿಸಿ, ವಾಲಿಸಿದಾಗ ಟೇಬಲ್ ಕೆಳಗೆ ಕಲ್ಲು ಪಾರದರ್ಶಕವಾಗಿ ಹಿಡಿದ ಬೆರಳೇ ಕಂಡ್ರೆ ಆ ಜಾಗದಿಂದ ಬೆಳಕು ಸೋರ್ತಿದೆ. ಸುಮಾರು 30 ಸೆಂಟಿಮೀಟರ್ ದೂರದಿಂದ ಒಮ್ಮೆ, ಕೈ ಪೂರ್ತಿ ಚಾಚಿ ಇನ್ನೊಮ್ಮೆ.

ಓಲೆ, ಮೂಗುಬೊಟ್ಟು, ಹಳೇ ಕಲ್ಲುಗಳು

ನಮ್ಮ ಕಡೆ ಡೈಮಂಡ್ ಅಂದ್ರೆ ಉಂಗುರಕ್ಕಿಂತ ಮೊದಲು ಬೆಂಡೋಲೆ ಮತ್ತೆ ಮೂಗುಬೊಟ್ಟು. ಉಂಗುರನ ನಾವೇ ಹತ್ತಿರದಿಂದ ನೋಡ್ಕೋತೀವಿ, ಓಲೆನ ಬೇರೆಯವ್ರು ಒಂದೆರಡು ಅಡಿ ದೂರದಿಂದ ನೋಡ್ತಾರೆ, ಅವ್ರ ತಲೆಯ ನೆರಳು ಕಲ್ಲಿಗೆ ಅಷ್ಟಾಗಿ ಬೀಳಲ್ಲ. ಹಂಗಾಗಿ ಉಂಗುರಕ್ಕೆ ಬೇಡ ಅಂದಿದ್ದ ಸ್ವಲ್ಪ ತೆಳು ಕಲ್ಲು, ಎಚ್‌ಸಿಎಯಲ್ಲಿ 1ಕ್ಕಿಂತ ಕಮ್ಮಿ ಬರೋ ತರದ್ದು, ಓಲೆಗೆ ತುಂಬಾ ಚೆನ್ನಾಗಿರತ್ತೆ, ಅದೇ ತೂಕಕ್ಕೆ ಅಗಲನೂ ಜಾಸ್ತಿ ಕಾಣತ್ತೆ.

ಏಳು ಕಲ್ಲಿನ ಓಲೆಯಲ್ಲಿ ಒಂದೊಂದು ಕಲ್ಲಿಗೂ ಬೇರೆ ಸರ್ಟಿಫಿಕೇಟ್ ಬರಲ್ಲ, ಇಡೀ ಒಡವೆಗೆ ಒಂದು ಕಾರ್ಡ್ ಕೊಡ್ತಾರೆ, ಅದರಲ್ಲಿ ಆಂಗಲ್ ಇರಲ್ಲ. ಇಲ್ಲಿ ಸ್ಕೋರ್ ಕೆಲಸಕ್ಕೆ ಬರಲ್ಲ, ಕಣ್ಣೇ ಗತಿ. ಕಟ್ಟೋಕೆ ಮುಂಚೆ ಹದಿನಾಲ್ಕೂ ಕಲ್ಲನ್ನ ಬಿಳಿ ಪೇಪರ್ ಮೇಲೆ ಬೋರಲು ಹಾಕದೆ ಟೇಬಲ್ ಮೇಲ್ಮುಖವಾಗಿ ಸಾಲಾಗಿ ಇಡಿಸಿ, ನೆರಳಲ್ಲಿ ನೋಡಿ, ಮಂಕಾಗಿರೋದು ತಾನಾಗೇ ಎದ್ದು ಕಾಣತ್ತೆ, ಬದಲಾಯಿಸೋಕೆ ಹೇಳಿ. ಹಿಂದೆ ಮುಚ್ಚಿದ ಕಟ್ಟಡದಲ್ಲಿ (ಚಿನ್ನದಲ್ಲಿ ಕಲ್ಲು ಕೂರಿಸೋ ರೀತಿ) ಒಮ್ಮೆ ಕೂತ ಮೇಲೆ ಪೆವಿಲಿಯನ್ ನೋಡೋ ದಾರಿನೇ ಇಲ್ಲ. ಬ್ಲೂ ಜಾಗರ್ ಅಂತ ಹೇಳಿ ಮಾರೋದು ದಕ್ಷಿಣದ ಕಡೆ ಇನ್ನೂ ಇದೆ, ಆ ಹೆಸರು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯ ನೀಲಿ ಛಾಯೆಯ ಕಲ್ಲುಗಳಿಂದ ಬಂದಿದ್ದು, ಬಣ್ಣದ ಮಾತೇ ಹೊರತು ಕಟ್ ಬಗ್ಗೆ ಏನೂ ಹೇಳಲ್ಲ.

ಅಜ್ಜಿ ಕಾಲದ ಕಲ್ಲುಗಳಿಗೆ ಈ ಸ್ಕೋರ್ ಹಾಕೋಕೆ ಹೋಗ್ಬೇಡಿ. ಅವನ್ನ ಕೈಯಲ್ಲೇ ಬೇರೆ ಲೆಕ್ಕದಲ್ಲಿ ಕಟ್ ಮಾಡಿದ್ದು, ಸಣ್ಣ ಟೇಬಲ್, ಎತ್ತರದ ಕ್ರೌನ್, ದೀಪದ ಬೆಳಕಲ್ಲಿ ದೊಡ್ಡದೊಡ್ಡ ಬಣ್ಣದ ಕಿಡಿ ಕೊಡ್ತವೆ. ಹೊಸ ಸ್ಕೋರ್ ಬರ್ಲಿ ಅಂತ ರೀಕಟ್ ಮಾಡ್ಸಿದ್ರೆ ತೂಕನೂ ಹೋಗತ್ತೆ, ಆ ಗುಣನೂ ಹೋಗತ್ತೆ.

ಓವಲ್, ಪಿಯರ್, ಕುಶನ್ ಮತ್ತೆ ಲ್ಯಾಬ್ ಗ್ರೋನ್

ರೌಂಡ್ ಅಲ್ಲದ ಶೇಪ್‌ಗಳಿಗೆ ಜಿಐಎ ಒಟ್ಟಾರೆ ಕಟ್ ಗ್ರೇಡ್ ಕೊಡಲ್ಲ, ಪಾಲಿಶ್ ಮತ್ತೆ ಸಿಮೆಟ್ರಿ ಮಾತ್ರ. ಓವಲ್ ಕಲ್ಲಿನ ಮೇಲೆ ಎರಡು ಎಕ್ಸಲೆಂಟ್ ನೋಡಿ ಕಟ್ಟೂ ಎಕ್ಸಲೆಂಟ್ ಅಂತ ತಿಳ್ಕೊಳೋರು ಬಹಳ. ಎಚ್‌ಸಿಎ ಕೂಡ ಇವಕ್ಕೆ ಅಲ್ಲ. ವಿಡಿಯೋ, ಏಸೆಟ್ ಫೋಟೋ, ಕಣ್ಣು ಇಷ್ಟೇ ಆಧಾರ. ಓವಲ್, ಪಿಯರ್‌ನಲ್ಲಿ ನಡುವೆ ಅಡ್ಡಕ್ಕೆ ಬೋ ಟೈ ತರ ಕಪ್ಪು ಕಾಣತ್ತಲ್ಲ, ಸ್ವಲ್ಪ ಇದ್ದು ವಾಲಿಸಿದಾಗ ಮಿನುಗಿದ್ರೆ ಸರಿ, ಯಾವ ಕಡೆ ವಾಲಿಸಿದ್ರೂ ಕಪ್ಪಾಗೇ ಉಳಿದ್ರೆ ಬೇಡ.

ಲ್ಯಾಬ್ ಗ್ರೋನ್, ಅಂದ್ರೆ ಗಣಿಯಿಂದಲ್ಲದೆ ಲ್ಯಾಬ್‌ನಲ್ಲಿ ಬೆಳೆಸಿದ ಕಲ್ಲೂ ಡೈಮಂಡೇ, ಬೆಳಕಿನ ನಿಯಮ ಅದೇ, ಸ್ಕೋರ್ ಅದೇ ತರ ಹಾಕ್ಬೋದು. ಜಿಐಎ 2025ರಲ್ಲಿ ಇವಕ್ಕೆ ಹಳೇ ತರದ ಪೂರ್ತಿ ಕಲರ್, ಕ್ಲಾರಿಟಿ ಗ್ರೇಡ್ ನಿಲ್ಲಿಸಿ ಪ್ರೀಮಿಯಂ, ಸ್ಟ್ಯಾಂಡರ್ಡ್ ಅನ್ನೋ ಎರಡೇ ವಿಂಗಡಣೆ ಮಾಡಿದೆ, ಹಂಗಾಗಿ ಇಲ್ಲಿ ಐಜಿಐ ರಿಪೋರ್ಟೇ ಜಾಸ್ತಿ ಸಿಗೋದು. ಬೆಲೆ ಕಮ್ಮಿ, ಸ್ಟಾಕ್ ಬೇಕಾದಷ್ಟಿದೆ, ಅದಕ್ಕೇ ಲ್ಯಾಬ್ ಗ್ರೋನ್‌ನಲ್ಲಿ ಕಟ್ ಬಗ್ಗೆ ಒಂಚೂರೂ ರಾಜಿ ಆಗೋ ಅಗತ್ಯ ಇಲ್ಲ.

ಕಟ್ಟಿಸೋವಾಗ ಮತ್ತೆ ಆಮೇಲೆ

ಕಲ್ಲು ಒಪ್ಪಿದ ಮೇಲೆ ರಿಪೋರ್ಟ್ ನಂಬರ್‌ನ ಆ ಲ್ಯಾಬ್‌ನ ವೆಬ್‌ಸೈಟ್‌ನಲ್ಲಿ ಹಾಕಿ ಎಲ್ಲಾ ಅಳತೆ ತಾಳೆ ನೋಡಿ. ಸಾಮಾನ್ಯವಾಗಿ ಗರ್ಡಲ್ ಮೇಲೆ ಲೇಸರ್‌ನಲ್ಲಿ ಅದೇ ನಂಬರ್ ಕೆತ್ತಿರತ್ತೆ, 10 ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ (ಭೂತಗನ್ನಡಿ) ಕೇಳಿ ಓದಿ, ಕಟ್ಟೋಕೆ ಕೊಡೋ ಮುಂಚೆ ಒಂದ್ಸಲ, ಒಡವೆ ಕೈಗೆ ಬಂದ ಮೇಲೆ ಇನ್ನೊಂದ್ಸಲ. ಪ್ರಾಂಗ್ (ಕಲ್ಲನ್ನ ಹಿಡಿಯೋ ಕೊಂಡಿ) ಆ ನಂಬರ್ ಮೇಲೆ ಕೂರದ ಹಾಗೆ ಕಟ್ಟಿ ಅಂತ ಮೊದಲೇ ಹೇಳ್ಬಿಡಿ. ಬಿಲ್‌ನಲ್ಲಿ ರಿಪೋರ್ಟ್ ನಂಬರ್ ಬರೆಸಿ.

ಮತ್ತೆ ಕ್ಲೀನಿಂಗ್. ಇಷ್ಟೆಲ್ಲ 0.1 ಡಿಗ್ರಿಗೆ ಹೊಡೆದಾಡಿ ತಂದ ಕಲ್ಲನ್ನ ಎಣ್ಣೆ, ಲೋಷನ್, ಸೋಪಿನ ಜಿಡ್ಡು ಒಂದೇ ವಾರದಲ್ಲಿ ಮಂಕು ಮಾಡತ್ತೆ. ಕಾರಣ ಅದೇ ಕ್ರಿಟಿಕಲ್ ಆಂಗಲ್. ಪೆವಿಲಿಯನ್ ಹಿಂದೆ ಗಾಳಿ ಇದ್ರೆ 24.4 ಡಿಗ್ರಿ, ಅಲ್ಲಿ ಎಣ್ಣೆ ಪದರ ಕೂತ್ರೆ ಅದು 37 ಡಿಗ್ರಿ ಆಸುಪಾಸಿಗೆ ಏರತ್ತೆ, ಆಗ ವಾಪಸ್ ಬರ್ಬೇಕಿದ್ದ ಬೆಳಕು ಹಿಂದಿನಿಂದ ಹೊರಟೋಗತ್ತೆ. ಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಅರ್ಧ ಗಂಟೆ ನೆನೆಸಿ, ಮೆತ್ತಗಿನ ಟೂತ್ ಬ್ರಷ್‌ನಲ್ಲಿ ಕಲ್ಲಿನ ಹಿಂಭಾಗನ ಉಜ್ಜಿ, ಮೇಲ್ಭಾಗಕ್ಕಿಂತ ಹಿಂಭಾಗನೇ ಮುಖ್ಯ. ಸಿಂಕ್‌ನ ತೂತಿಗೆ ಬಟ್ಟೆ ಮುಚ್ಚಿ ತೊಳೀರಿ. ಹಿಂದೆ ಮುಚ್ಚಿದ ಹಳೇ ಕಟ್ಟಡದ ಓಲೆನ ಮಾತ್ರ ನೀರಲ್ಲಿ ನೆನೆಸ್ಬೇಡಿ, ಒಳಗೆ ನೀರು ಸೇರ್ಕೊಂಡ್ರೆ ಈಚೆ ಬರಲ್ಲ, ಅದನ್ನ ಕಟ್ಟಡ ಗೊತ್ತಿರೋ ಆಚಾರಿ ಹತ್ರನೇ ಬಿಚ್ಚಿಸಿ ಕ್ಲೀನ್ ಮಾಡ್ಸಿ.